ಬರಿದಲ್ಲದ ಬಯಲು

ನಮ್ಮ ಹಳೆಯ ಅಲಂಕಾರಶಾಸ್ತ್ರಜ್ಞರು ಮಹಾಕಾವ್ಯದಲ್ಲಿ ಇರತಕ್ಕ ಹದಿನೆಂಟು ಬಗೆಯ ವರ್ಣನೆಗಳನ್ನು ಹೇಳಿದ್ದಾರೆ. ಪಟ್ಟಣವುಂಟು, ಸಮುದ್ರವುಂಟು, ಪರ್ವತವುಂಟು. ಋತುಗಳು, ಚಂದ್ರೋದಯ, ಸೂರ್ಯೋದಯ, ಉದ್ಯಾನವಿಹಾರ, ಜಲಕ್ರೀಡೆ ಎಲ್ಲವೂ ಉಂಟು. ಮೂವತ್ತು ವರ್ಷಗಳಿಗೂ ಮೀರಿ ತರಗತಿಯಲ್ಲಿ ಈ ಪಟ್ಟಿಯನ್ನು ಒಪ್ಪಿಸಿದವನು ನಾನು. ಆದರೂ ಅದರಲ್ಲಿ ಬಯಲಿಗೆ ಸ್ಥಾನವಿಲ್ಲವೆಂಬುದು ಒಂದು ದಿನವೂ ನನಗೆ ಹೊಳೆದಿರಲಿಲ್ಲ. ಕಣ್ಣಿಗೆ ಕಟ್ಟುವಂಥದು ಯಾವುದೂ ಇಲ್ಲದ ಕಡೆ ಕವಿ ವರ್ಣಿಸುವುದಾದರೂ ಏನನ್ನು? ವಚನಕಾರರು, ಅವರಲ್ಲಿಯೂ ಅಲ್ಲಮಪ್ರಭು, 'ಬಯಲು' ಎಂಬ ಮಾತಿಗೆ ಘನವಾದ ಬೇರೊಂದು ಅರ್ಥವನ್ನು ಕೊಟ್ಟರು, ನಿಜ. ಅದು ಅನುಭಾವದ ಬಯಲು. ಕಾಲಕೆಳಗಿನ ನೆಲದ ಬಯಲನ್ನು ಕಂಡಾಗ ನಾವು ಇಂದಿಗೂ ಆಡುವ ಮಾತು ಒಂದೇ: "ಅಲ್ಲೇನಿದೆ? ಏನೂ ಇಲ್ಲ."

'ಏನೂ ಇಲ್ಲ' ಎಂಬ ಈ ಮಾತು ಎಷ್ಟರ ಮಟ್ಟಿಗೆ ನಿಜ? ಅದನ್ನು ಆಡುವವರು ಯಾರು? ಆಡಿದ ಮೇಲೆ ಆ ನೆಲದ ಪಾಡು ಏನಾಗುತ್ತದೆ? ಇವುಗಳನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಇದಕ್ಕೆ ಆಧಾರವಾದದ್ದು ನಾನೂ ನನ್ನ ಪತ್ನಿಯೂ ೨೦೨೩ರ ಸೆಪ್ಟೆಂಬರ್ ತಿಂಗಳಲ್ಲಿ ಅಮೆರಿಕದ ಪಶ್ಚಿಮ ಭಾಗದಲ್ಲಿ ಮಾಡಿದ ಒಂದು ಪ್ರಯಾಣ.

ನಮ್ಮ ಮಗಳು ಕ್ಯಾಲಿಫೋರ್ನಿಯದ ಸಾಕ್ರಮೆಂಟೊ ನಗರದಲ್ಲಿದ್ದಾಳೆ. ವಯಸ್ಸಾದ ತಂದೆತಾಯಿ ಮಕ್ಕಳ ಮನೆಗೆಂದು ಆ ದೇಶಕ್ಕೆ ಹೋಗಿ, ಹಗಲೆಲ್ಲ ಮುಚ್ಚಿದ ಮನೆಯಲ್ಲಿ ಕುಳಿತು, ಶನಿವಾರ ಭಾನುವಾರಗಳಿಗಾಗಿ ಕಾಯುವ ಕಥೆ ಈಗ ನಮ್ಮ ನಾಡಿನಲ್ಲಿ ಮನೆಮನೆಯ ಕಥೆ. ಒಂದು ರಾತ್ರಿ ಊಟ ಮಾಡುತ್ತಿದ್ದಾಗ ಮಗಳು, "ಅಪ್ಪ, ನೀವಿಬ್ಬರೂ ಇಲ್ಲಿಗೇ ಬಂದು ಇದ್ದುಬಿಡಿ. ಇಬ್ಬರೂ ಗಟ್ಟಿಯಾಗಿರುವವರೆಗೆ ಮೈಸೂರು ಸರಿ, ಆಮೇಲೆ?" ಎಂದಳು. ನಾವು ಉತ್ತರ ಹೇಳಲಿಲ್ಲ. ಅದಾದ ಒಂದು ವಾರಕ್ಕೆ ಅವಳ ಕಾರನ್ನು ತೆಗೆದುಕೊಂಡು ಪೂರ್ವಾಭಿಮುಖವಾಗಿ ಹೊರಟೆವು. ಬ್ಯಾಂಕಿನಲ್ಲಿ ಕೆಲಸ ಮಾಡಿ ನಿವೃತ್ತಳಾದ ನನ್ನ ಪತ್ನಿ ಮೂವತ್ತು ವರ್ಷಗಳಿಂದ ಕಾರು ನಡೆಸುತ್ತಿರುವವಳು. ಆ ವಿದ್ಯೆ ನನಗೆ ಒಲಿಯಲಿಲ್ಲವಾದ ಕಾರಣ ನಕ್ಷೆಯನ್ನು ತೊಡೆಯ ಮೇಲೆ ಹರಡಿಕೊಂಡು ದಾರಿ ಹೇಳುವ ಕೆಲಸ ನನ್ನ ಪಾಲಿಗೆ ಬಂದಿತು. ನಾವು ಹಿಡಿದ ದಾರಿಯಲ್ಲಿ ಆ ಕೆಲಸವೂ ಬೇಕಿರಲಿಲ್ಲ. ರಸ್ತೆ ಒಂದೇ, ತಿರುವುಗಳೇ ಅಪರೂಪ.

ಅದು ಐವತ್ತನೆಯ ಸಂಖ್ಯೆಯ ಹೆದ್ದಾರಿ. ನೆವಾಡ ಸಂಸ್ಥಾನದ ಫ್ಯಾಲನ್ ಎಂಬ ಊರಿನಿಂದ ಯೂಟಾ ಸಂಸ್ಥಾನದ ಡೆಲ್ಟಾ ಎಂಬ ಊರಿನವರೆಗೆ ಸುಮಾರು ನಾನೂರು ಮೈಲಿ. ನಡುವೆ ಊರುಗಳೆಂದು ಕರೆಯಬಹುದಾದವು ಆಸ್ಟಿನ್, ಯುರೇಕಾ, ಈಲಿ ಎಂಬ ಮೂರು, ಗಡಿಯ ಬಳಿ ಬೇಕರ್ ಎಂಬ ಒಂದು ಹಳ್ಳಿ, ಇಷ್ಟೇ. ೧೯೮೬ರ ಜುಲೈಯಲ್ಲಿ 'ಲೈಫ್' ಪತ್ರಿಕೆ ನೆವಾಡದೊಳಗಿನ ಈ ರಸ್ತೆಗೆ 'ಅಮೆರಿಕದ ಅತ್ಯಂತ ಒಂಟಿ ರಸ್ತೆ' ಎಂದು ಹೆಸರಿಟ್ಟಿತು. ನೋಡತಕ್ಕದ್ದು ಅಲ್ಲಿ ಏನೂ ಇಲ್ಲ, ಬದುಕಿ ಬರುವ ಧೈರ್ಯವಿಲ್ಲದವರು ಅತ್ತ ಹೋಗದಿರುವುದು ಲೇಸು ಎಂಬ ಅರ್ಥದ ಎಚ್ಚರಿಕೆಯೂ ಅಲ್ಲಿತ್ತು. ನೆವಾಡದವರು ಜಾಣರು. ಬೈಗುಳವನ್ನೇ ಬಿರುದಾಗಿ ತೊಟ್ಟುಕೊಂಡು ರಸ್ತೆಯ ಪಕ್ಕದಲ್ಲಿ ಅದೇ ಹೆಸರಿನ ಫಲಕಗಳನ್ನು ನೆಟ್ಟರು. ಊರೂರಿನಲ್ಲಿ ಮುದ್ರೆ ಒತ್ತಿಸಿಕೊಳ್ಳುವುದಕ್ಕೆ ಒಂದು ಕೈಪುಸ್ತಕವನ್ನೂ ಅಚ್ಚು ಹಾಕಿಸಿದರು. ಇಂದು ಜನ ಆ ಮುದ್ರೆಗಾಗಿಯೇ ಅತ್ತ ಹೋಗುವುದುಂಟು. ನಮ್ಮ ಕೈಪುಸ್ತಕವೂ ಮನೆಯಲ್ಲಿದೆ.

ಮೊದಲು ಆ ನೆಲದ ಸ್ವರೂಪವನ್ನು ಹೇಳಬೇಕು. ನಮ್ಮ ಪಶ್ಚಿಮಘಟ್ಟವನ್ನು ಬಲ್ಲವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಅರಬ್ಬೀ ಸಮುದ್ರದ ಮೋಡಗಳು ಆಗುಂಬೆಯಲ್ಲಿ ಬರಿದಾಗಿ, ಚಳ್ಳಕೆರೆಯ ಸೀಮೆಗೆ ಬರುವ ಹೊತ್ತಿಗೆ ಕೈಬೀಸಿ ಹೋಗಿಬಿಡುತ್ತವಷ್ಟೆ. ಅಲ್ಲಿಯೂ ಹಾಗೆಯೇ. ಪೆಸಿಫಿಕ್ ಸಾಗರದಿಂದ ಬರುವ ಮೋಡಗಳನ್ನು ಸಿಯೆರಾ ನೆವಾಡ ಎಂಬ ಎತ್ತರದ ಪರ್ವತಶ್ರೇಣಿ ತಡೆದುಬಿಡುತ್ತದೆ. ಅದರ ಪೂರ್ವದ ನೆರಳಿನಲ್ಲಿ ಬಿದ್ದಿರುವುದು ಈ ನಾಡು. ನೆವಾಡದಲ್ಲಿ ವರ್ಷವೊಂದಕ್ಕೆ ಸರಾಸರಿ ಹತ್ತು ಇಂಚಿನಷ್ಟು ಮಳೆ. ಚಳ್ಳಕೆರೆಯ ಮಳೆಯ ಸುಮಾರು ಅರ್ಧ. ಬಿದ್ದ ನೀರಾದರೂ ಸಮುದ್ರ ಸೇರುವುದಿಲ್ಲ. ೧೮೪೩-೪೪ರಲ್ಲಿ ಇಲ್ಲಿ ಸಂಚರಿಸಿದ ಫ್ರೀಮಾಂಟ್ ಎಂಬ ಸೇನಾಧಿಕಾರಿ ಇದನ್ನು ಕಂಡುಕೊಂಡು ಈ ಪ್ರದೇಶಕ್ಕೆ 'ಮಹಾಬೋಗುಣಿ' ಎಂಬರ್ಥದ ಹೆಸರಿಟ್ಟ. ಹಂಬೋಲ್ಟ್ ಎಂಬ ನದಿ ಮುನ್ನೂರು ಮೈಲಿಯಷ್ಟು ಹರಿದು, ಕೊನೆಗೆ ಉಪ್ಪಿನ ತಗ್ಗೊಂದರಲ್ಲಿ ಇಂಗಿ ಆವಿಯಾಗಿ ಹೋಗುತ್ತದೆ. ನದಿ ಎಂದೊಡನೆ ಸಾಗರಸಂಗಮವನ್ನು ನೆನೆಯುವ ನಮಗೆ, ಹುಟ್ಟಿದ ನಾಡಿನಲ್ಲಿಯೇ ಮಡಿಯುವ ನದಿ ಹೊಸ ವಸ್ತು.

ನೆಲವಾದರೋ, ಒಗೆದು ಒಣಹಾಕಿದ ಕಂಬಳಿಯ ಮಡಿಕೆಗಳಂತೆ ಉತ್ತರದಿಂದ ದಕ್ಷಿಣಕ್ಕೆ ಸಾಲುಸಾಲಾಗಿ ಬೆಟ್ಟ, ಬಯಲು, ಬೆಟ್ಟ, ಬಯಲು. ಭೂಮಿಯ ಹೊರಪದರು ಪೂರ್ವಪಶ್ಚಿಮವಾಗಿ ಎಳೆಯಲ್ಪಟ್ಟು, ಸೀಳಿ, ಒಂದು ಪಾಳಿ ಕುಸಿದು ಇನ್ನೊಂದು ಎದ್ದು ನಿಂತುದರಿಂದ ಆದ ರಚನೆ ಇದು. ರಸ್ತೆ ಈ ಸಾಲುಗಳನ್ನು ಅಡ್ಡ ಕತ್ತರಿಸಿಕೊಂಡು ಹೋಗುತ್ತದೆ. ಒಂದು ಕಣಿವೆಯ ನೆತ್ತಿಯನ್ನು ಹತ್ತಿದಾಗ ಮುಂದೆ ಇಪ್ಪತ್ತು ಮೈಲಿ ಅಗಲದ ಬಯಲು. ಅದರ ನಡುವೆ ಗೀಟೆಳೆದಂತೆ ರಸ್ತೆ. ಆಚೆ ತುದಿಯಲ್ಲಿ ಮತ್ತೊಂದು ಬೆಟ್ಟ. ಎಲ್ಲೆಲ್ಲೂ ಸೇಜ್ ಎಂಬ ಬೂದುಬಣ್ಣದ ಮೊಣಕಾಲೆತ್ತರದ ಪೊದೆ. ಅದರ ಎಲೆಯನ್ನು ಬೆರಳಿನಲ್ಲಿ ಹೊಸಕಿದರೆ ಕರ್ಪೂರಕ್ಕೂ ದವನಕ್ಕೂ ನಡುವಿನ ಒಂದು ಕಟುವಾದ ಪರಿಮಳ. ಫೋನು ಬಹುದೂರದವರೆಗೆ ಮೂಕವಾಗಿರುತ್ತದೆ. ಆಸ್ಟಿನ್‌ಗೆ ಮುನ್ನ ಒಂದು ಗಂಟೆಯ ಕಾಲ ಎದುರಿಗೆ ಬಂದ ವಾಹನಗಳನ್ನು ನಾನು ಎಣಿಸಿದೆ, ಏಳು. ಏಳರಲ್ಲಿ ಆರು ಮಂದಿ ಚಾಲಕರು ಚಕ್ರದಿಂದ ಒಂದು ಬೆರಳೆತ್ತಿ ನಮಗೆ ವಂದಿಸಿದರು. ಮೈಸೂರಿನ ದೇವರಾಜ ಅರಸು ರಸ್ತೆಯಲ್ಲಿ ಯಾರಾದರೂ ಹೀಗೆ ಮಾಡಿದರೆ ನಾವು ಅನುಮಾನಪಡುತ್ತೇವೆ.

ಅಂಥದೊಂದು ಬಯಲಿನ ನಡುವೆ ಕಾರು ನಿಲ್ಲಿಸಿ ಇಳಿದೆವು. ಗಾಳಿಯ ಸದ್ದು ಬಿಟ್ಟರೆ ಇನ್ನೇನೂ ಇರಲಿಲ್ಲ. ಬಹಳ ಹೊತ್ತಿನ ಮೇಲೆ ನನ್ನ ಪತ್ನಿ, "ನೋಡಿ, ಇಂಥ ಕಡೆ ಒಬ್ಬರೇ ಉಳಿದುಬಿಟ್ಟರೆ ಏನು ಮಾಡುತ್ತಾರೆ?" ಎಂದಳು. ಆ ಪ್ರಶ್ನೆ ನೆವಾಡಕ್ಕೆ ಸಂಬಂಧಿಸಿದ್ದಲ್ಲವೆಂದು ನನಗೆ ಗೊತ್ತಿತ್ತು. "ನೀರು ಕುಡಿ, ಬಿಸಿಲಾಯಿತು" ಎಂದೆ.

ಜನಸಂಖ್ಯೆಯ ಮಾತಿಗೆ ಬರೋಣ. ನೆವಾಡ ನಮ್ಮ ಕರ್ನಾಟಕದ ಒಂದೂವರೆ ಪಟ್ಟು ದೊಡ್ಡದು. ೨೦೨೦ರ ಗಣತಿಯಂತೆ ಅಲ್ಲಿಯ ಜನಸಂಖ್ಯೆ ೩೧ ಲಕ್ಷ. ಅದರಲ್ಲಿಯೂ ನಾಲ್ಕರಲ್ಲಿ ಸುಮಾರು ಮೂರು ಪಾಲು ದಕ್ಷಿಣದ ತುದಿಯಲ್ಲಿರುವ ಲಾಸ್ ವೇಗಸ್ ನಗರದ ಆಸುಪಾಸಿನವರು. ನಮ್ಮ ದಾರಿಯಲ್ಲಿ ಸಿಕ್ಕ ಯುರೇಕಾ ಕೌಂಟಿ, ಎಂದರೆ ಜಿಲ್ಲೆ, ವಿಸ್ತಾರದಲ್ಲಿ ಹೆಚ್ಚುಕಡಿಮೆ ನಮ್ಮ ತುಮಕೂರು ಜಿಲ್ಲೆಯಷ್ಟಿದೆ. ತುಮಕೂರು ಜಿಲ್ಲೆಯಲ್ಲಿ ೨೦೧೧ರ ಗಣತಿಯ ಪ್ರಕಾರ ೨೬ ಲಕ್ಷಕ್ಕೂ ಮೀರಿದ ಜನ. ಯುರೇಕಾದಲ್ಲಿ ೨೦೨೦ರಲ್ಲಿ ೧,೮೫೫. ನಮ್ಮ ಒಂದು ಸಾಧಾರಣ ಹಳ್ಳಿಯ ಜನ ಇಡೀ ಒಂದು ಜಿಲ್ಲೆಯಲ್ಲಿ! ೧೮೯೦ರ ಗಣತಿಯ ಅಧಿಕಾರಿಗಳು, ಚದರ ಮೈಲಿಗೆ ಇಬ್ಬರಿಗಿಂತ ಕಡಿಮೆ ಜನರಿರುವ ಸೀಮೆಯನ್ನು ನೆಲಸದ ಸೀಮೆಯೆಂದು ಎಣಿಸಿ, ಅಂಥದನ್ನು ಬೇರ್ಪಡಿಸುವ ಗಡಿರೇಖೆ ಇನ್ನು ಅಮೆರಿಕದಲ್ಲಿ ಉಳಿದಿಲ್ಲವೆಂದು ಸಾರಿದ್ದರು. ಆ ಅಳತೆಗೋಲಿನಿಂದ ನೋಡಿದರೆ ಯುರೇಕಾ ಇಂದಿಗೂ ಜನ ನೆಲಸದ ಸೀಮೆಯೇ.

ಹೀಗಾದದ್ದಕ್ಕೆ ಮಳೆ ಒಂದೇ ಕಾರಣವಲ್ಲ, ಕಾಯಿದೆಯೂ ಕಾರಣ. ೧೮೬೨ರ ಭೂಮಂಜೂರಾತಿ ಕಾಯಿದೆಯ ಪ್ರಕಾರ ಐದು ವರ್ಷ ನೆಲಸಿ ಸಾಗುವಳಿ ಮಾಡಿದವನಿಗೆ ೧೬೦ ಎಕರೆ ಭೂಮಿ ಸಿಗುತ್ತಿತ್ತು. ಮಳೆ ಸಮೃದ್ಧವಾಗಿರುವ ಪೂರ್ವದ ನಾಡಿನಲ್ಲಿ ಕುಳಿತು ಮಾಡಿದ ಲೆಕ್ಕ ಇದು. ಅಂತರ್ಯುದ್ಧದಲ್ಲಿ ಬಲಗೈ ಕಳೆದುಕೊಂಡಿದ್ದ ಜಾನ್ ವೆಸ್ಲಿ ಪೊವೆಲ್ ಎಂಬ ಭೂವಿಜ್ಞಾನಿ ಪಶ್ಚಿಮವನ್ನೆಲ್ಲ ಸುತ್ತಿ, ೧೮೭೮ರಲ್ಲಿ ಸರಕಾರಕ್ಕೆ ಒಂದು ವರದಿ ಒಪ್ಪಿಸಿದ. ನೀರಾವರಿಯಾದರೆ ೮೦ ಎಕರೆ ಸಾಕು, ಹುಲ್ಲುಗಾವಲಾದರೆ ೨,೫೬೦ ಎಕರೆಯಾದರೂ ಬೇಕು, ನೀರಿನ ಹಂಚಿಕೆಯನ್ನು ನೋಡಿಕೊಂಡು ಭೂಮಿಯನ್ನು ಹಂಚಿರಿ ಎಂಬುದು ಅದರ ಸಾರ. ಆ ಮಾತು ಅಂದು ಯಾರಿಗೂ ರುಚಿಸಲಿಲ್ಲ. ಪರಿಣಾಮವಾಗಿ ೧೬೦ ಎಕರೆಯನ್ನು ನಂಬಿ ಬಂದ ಅನೇಕರು ಅರೆಹೊಟ್ಟೆಯಲ್ಲಿ ಹಿಂದಿರುಗಿದರು. ಇಂದಿಗೂ ನೆವಾಡದ ನೆಲದಲ್ಲಿ ಶೇಕಡ ೮೦ರಷ್ಟು ಕೇಂದ್ರ ಸರಕಾರದ ವಶದಲ್ಲಿದೆ.

ಹಾಗೆಂದ ಮಾತ್ರಕ್ಕೆ ಅಲ್ಲಿ ಜನ ಎಂದೂ ಇರಲಿಲ್ಲವೆಂದಲ್ಲ. ನಮ್ಮ ರಸ್ತೆಯ ಪಕ್ಕದಲ್ಲಿಯೇ ೧೮೬೦ರ ಏಪ್ರಿಲ್‌ನಿಂದ ೧೮೬೧ರ ಅಕ್ಟೋಬರ್‌ವರೆಗೆ ಕುದುರೆ ಅಂಚೆ ಓಡಿತು. ಮಿಸೂರಿಯ ಸೇಂಟ್ ಜೋಸೆಫ್‌ನಿಂದ ಸಾಕ್ರಮೆಂಟೊವರೆಗೆ, ಸುಮಾರು ೧,೯೦೦ ಮೈಲಿಯನ್ನು, ಹತ್ತು ದಿನದಲ್ಲಿ ಮುಟ್ಟಿಸುತ್ತಿದ್ದರು. ತಂತಿ ಬಂದೊಡನೆ ಆ ಸಾಹಸ ಮುಗಿಯಿತು. ಅದರ ಒಂದು ಠಾಣೆಯ ಗೋಡೆಗಳು ಫ್ಯಾಲನ್ ಊರಿನ ಪೂರ್ವಕ್ಕೆ, ಒಂದು ದೊಡ್ಡ ಮರಳುಗುಡ್ಡದ ಬುಡದಲ್ಲಿ ಇನ್ನೂ ಇವೆ. ೧೮೬೦ರಲ್ಲಿ ಈ ಠಾಣೆಗಳ ದಾರಿಯಲ್ಲಿ ಪ್ರಯಾಣ ಮಾಡಿದವರಲ್ಲಿ ರಿಚರ್ಡ್ ಬರ್ಟನ್ ಒಬ್ಬ. ಮುಂದೆ ಅರೇಬಿಯನ್ ನೈಟ್ಸ್ ಕಥೆಗಳನ್ನು ಇಂಗ್ಲಿಷಿಗೆ ತಂದವನು ಇವನೇ. ಅದಕ್ಕೂ ಮುಂಚೆ ಕಂಪನಿಯ ಸೇನೆಯಲ್ಲಿದ್ದುಕೊಂಡು ಗೋವೆಯನ್ನೂ ನೀಲಗಿರಿಯನ್ನೂ ಸುತ್ತಿ ಪುಸ್ತಕ ಬರೆದಿದ್ದವನು. ಮರಳುಗುಡ್ಡದ ಠಾಣೆಯ ಕೊಳಕನ್ನು ಅವನು ಬಣ್ಣಿಸಿದ್ದಾನೆ. ಆ ಗೋಡೆಗಳ ನಡುವೆ ನಿಂತಾಗ, ಉದಕಮಂಡಲದ ಚಳಿಯನ್ನು ಉಂಡ ಮನುಷ್ಯ ಇಲ್ಲಿಯೂ ಒಂದು ರಾತ್ರಿ ನಡುಗಿದನೆಂದು ನೆನೆದು ನನಗೆ ಹಳೆಯ ಪರಿಚಯಸ್ಥನನ್ನು ಕಂಡಂತಾಯಿತು.

ಆಸ್ಟಿನ್ ಬೆಟ್ಟದ ಓರೆಯಲ್ಲಿರುವ ಊರು. ೧೮೬೨ರಲ್ಲಿ ಅಲ್ಲಿ ಬೆಳ್ಳಿ ಸಿಕ್ಕಿತು. ಕೆಲವೇ ವರ್ಷಗಳಲ್ಲಿ ಸಾವಿರಾರು ಜನ ಸೇರಿದರು, ಇಗರ್ಜಿಗಳು ಎದ್ದುವು. ಬೆಳ್ಳಿ ತೀರಿತು, ಜನ ಹೋದರು. ಈಗ ಅಲ್ಲಿರುವವರು ಇನ್ನೂರಕ್ಕೂ ಕಡಿಮೆ. ಈ ಊರಿನ ಒಂದು ಕಥೆಯನ್ನು ಮಾರ್ಕ್ ಟ್ವೇನ್ ೧೮೭೨ರಲ್ಲಿ ಪ್ರಕಟವಾದ ತನ್ನ ಪಶ್ಚಿಮಪ್ರವಾಸದ ಪುಸ್ತಕದಲ್ಲಿ ಹೇಳಿದ್ದಾನೆ. ೧೮೬೪ರಲ್ಲಿ ಊರಿನ ಚುನಾವಣೆಯಲ್ಲಿ ಪಂಥ ಸೋತ ರೂಯೆಲ್ ಗ್ರಿಡ್ಲಿ ಎಂಬ ದಿನಸಿ ವ್ಯಾಪಾರಿ, ಕರಾರಿನಂತೆ ಐವತ್ತು ಪೌಂಡು ಹಿಟ್ಟಿನ ಚೀಲವನ್ನು ಹೊತ್ತು ವಾದ್ಯದೊಡನೆ ನಡೆದ. ಆ ಚೀಲವನ್ನು ಅಂತರ್ಯುದ್ಧದ ಗಾಯಾಳುಗಳ ಸಹಾಯನಿಧಿಗಾಗಿ ಹರಾಜು ಹಾಕಿದರು. ಕೊಂಡವನು ಹಣ ಕೊಟ್ಟು ಚೀಲವನ್ನು ಹಿಂದಿರುಗಿಸಿ, ಮತ್ತೆ ಹರಾಜು ಹಾಕಿ ಎಂದ. ಹೀಗೆ ಊರೂರು ಸುತ್ತಿ, ಒಂದೇ ಚೀಲ ಎರಡೂವರೆ ಲಕ್ಷ ಡಾಲರಿಗೂ ಮೀರಿ ಹಣ ತಂದಿತು. ಊರೂರು ತಿರುಗಿದ ಗ್ರಿಡ್ಲಿ ತನ್ನ ವ್ಯಾಪಾರ ಕಳೆದುಕೊಂಡು ೧೮೭೦ರಲ್ಲಿ ಬಡವನಾಗಿ ತೀರಿಕೊಂಡ. ಅವನ ಕಲ್ಲುಕಟ್ಟಡದ ಅಂಗಡಿ ಆಸ್ಟಿನ್‌ನಲ್ಲಿ ಇನ್ನೂ ನಿಂತಿದೆ. ಅದರ ಮುಂದೆ ಕುಳಿತು ನಾವು ಬುತ್ತಿಯ ಚಿತ್ರಾನ್ನ ತಿಂದೆವು.

ಯುರೇಕಾ ಅಲ್ಲಿಂದ ಎಪ್ಪತ್ತು ಮೈಲಿ. ಅಲ್ಲಿ ೧೮೮೦ರಲ್ಲಿ ಕಟ್ಟಿದ ಸೊಗಸಾದ ನಾಟಕಶಾಲೆಯಿದೆ. ಒಂದು ಕಾಲಕ್ಕೆ ಸೀಸ ಮತ್ತು ಬೆಳ್ಳಿಯನ್ನು ಕರಗಿಸುವ ಕುಲುಮೆಗಳ ಹೊಗೆಯಿಂದ ಊರು ಕಪ್ಪಾಗಿದ್ದಿತಂತೆ. ಕುಲುಮೆಗೆ ಇದ್ದಲು ಬೇಕು. ಇದ್ದಲಿಗೆ ಮರ ಬೇಕು. ಸುತ್ತಣ ಬೆಟ್ಟಗಳ ಪಿನ್ಯನ್ ಎಂಬ ಕುಳ್ಳ ಪೈನ್ ಮರಗಳನ್ನು ಹತ್ತಾರು ಮೈಲಿಗಳವರೆಗೆ ಕಡಿದು ಸುಟ್ಟರು. ಇದ್ದಲು ಸುಡುತ್ತಿದ್ದವರು ಇಟಲಿಯ ಕಡೆಯಿಂದ ಬಂದ ಬಡವರು. ೧೮೭೯ರಲ್ಲಿ ಅವರು ಬೆಲೆ ಹೆಚ್ಚಿಸಿರೆಂದು ಮುಷ್ಕರ ಹೂಡಿದಾಗ ಐದು ಮಂದಿಯನ್ನು ಗುಂಡಿಟ್ಟು ಕೊಂದರು. ಕಡಿದುರುಳಿದ ಮರಗಳೊಡನೆ ನಷ್ಟವಾದದ್ದು ಇನ್ನೊಂದಿದೆ. ಆ ಮರದ ಬೀಜ ಅಲ್ಲಿಯ ಮೂಲನಿವಾಸಿಗಳಾದ ಪಶ್ಚಿಮ ಶೋಶೋನಿ ಜನರಿಗೆ ಚಳಿಗಾಲದ ಅನ್ನ. ಶರತ್ಕಾಲದಲ್ಲಿ ಕುಟುಂಬಗಳೆಲ್ಲ ಸೇರಿ ಅದನ್ನು ಉದುರಿಸಿ, ಹುರಿದು, ಕೂಡಿಡುತ್ತಿದ್ದರು. ನಮ್ಮ ಕಣ್ಣಿಗೆ ಪೊದೆಯಾಗಿ ಕಂಡದ್ದು ಅವರ ಕಣಜವಾಗಿದ್ದಿತು.

ಈಗ ಮೊದಲು ಕೇಳಿದ ಪ್ರಶ್ನೆಗೆ ಬರುತ್ತೇನೆ: ಇಲ್ಲಿ ಏನೂ ಇಲ್ಲವೆಂದು ಹೇಳಿದವರು ಯಾರು? ೧೮೬೩ರಲ್ಲಿ ಶೋಶೋನಿಯರೊಡನೆ ಸರಕಾರ ರೂಬಿ ವ್ಯಾಲಿಯಲ್ಲಿ ಒಂದು ಒಪ್ಪಂದ ಮಾಡಿಕೊಂಡಿತು. ರಸ್ತೆ, ತಂತಿ, ಗಣಿ, ಠಾಣೆಗಳಿಗೆ ಅವರು ಅವಕಾಶ ಕೊಟ್ಟರು. ನೆಲವನ್ನು ಬಿಟ್ಟುಕೊಟ್ಟೆವೆಂಬ ಮಾತು ಅದರಲ್ಲಿಲ್ಲ. ಆದರೂ ನೆಲ ಕ್ರಮಕ್ರಮವಾಗಿ ಅವರ ಕೈಬಿಟ್ಟಿತು. ೧೯೭೯ರಲ್ಲಿ ಸರಕಾರ ಪರಿಹಾರವೆಂದು ೨ ಕೋಟಿ ೬೦ ಲಕ್ಷ ಡಾಲರುಗಳನ್ನು ಅವರ ಹೆಸರಿನಲ್ಲಿ ಖಜಾನೆಯಲ್ಲಿಟ್ಟಿತು. ನಮಗೆ ಹಣ ಬೇಡ, ನೆಲ ಬೇಕು ಎಂದು ಅನೇಕರು ಅದನ್ನು ಮುಟ್ಟಲು ಒಪ್ಪಲಿಲ್ಲ. ೧೯೮೫ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ, ಹಣ ಖಜಾನೆಗೆ ಸೇರಿದರೆ ಸಂದಾಯವಾದಂತೆಯೇ ಎಂದು ತೀರ್ಪಿತ್ತಿತು. ಅವರು ಮುಟ್ಟದ ಹಣ ಅವರಿಗೆ ಸಂದುಹೋಯಿತು!

ನೆಲ ಬರಿದು ಎಂದು ಕಾಗದದ ಮೇಲೆ ಬರೆದಾದ ಮೇಲೆ, ಬೇರೆಲ್ಲಿಯೂ ಮಾಡಲಾಗದ ಕೆಲಸವನ್ನು ಅಲ್ಲಿ ಮಾಡಬಹುದು. ೧೯೫೧ರಿಂದ ೧೯೯೨ರವರೆಗೆ ಈ ಹೆದ್ದಾರಿಯ ದಕ್ಷಿಣಕ್ಕಿರುವ ನೆವಾಡ ಪರೀಕ್ಷಾಕ್ಷೇತ್ರದಲ್ಲಿ ೯೨೮ ಪರಮಾಣು ಪರೀಕ್ಷೆಗಳು ನಡೆದುವು; ಅವುಗಳಲ್ಲಿ ನೂರು ನೆಲದ ಮೇಲೆಯೇ. ನಾವು ಬಂದ ದಾರಿಗೆ ಸಮೀಪದಲ್ಲಿ, ಫ್ಯಾಲನ್ ಊರಿನ ಆಗ್ನೇಯಕ್ಕೆ, ೧೯೬೩ರ ಅಕ್ಟೋಬರ್‌ನಲ್ಲಿ ನೆಲದೊಳಗೆ ಒಂದು ಬಾಂಬನ್ನು ಸಿಡಿಸಿದ್ದರು. ಬಯಲನ್ನು ನೋಡಿದರೆ ಏನೂ ತಿಳಿಯುವುದಿಲ್ಲ. ಅದೇ ಸೇಜ್ ಪೊದೆ, ಅದೇ ಗಾಳಿ.

ಎರಡನೆಯ ರಾತ್ರಿ ಈಲಿಯಲ್ಲಿ ತಂಗಿದ್ದು, ಮರುದಿನ ಗಡಿಯ ಬಳಿಯ ಗ್ರೇಟ್ ಬೇಸಿನ್ ರಾಷ್ಟ್ರೀಯ ಉದ್ಯಾನಕ್ಕೆ ಹೋದೆವು. ಅಲ್ಲಿ ೧೩,೦೬೩ ಅಡಿ ಎತ್ತರದ ವೀಲರ್ ಎಂಬ ಶಿಖರವಿದೆ. ಅದರ ಮೇಲ್ಭಾಗದ ಕಲ್ಲುನೆಲದಲ್ಲಿ ಬ್ರಿಸಲ್‌ಕೋನ್ ಎಂಬ ಪೈನ್ ಮರಗಳಿವೆ. ಭೂಮಿಯ ಮೇಲಿನ ಅತ್ಯಂತ ಹಳೆಯ ಮರಗಳ ಜಾತಿ ಇದು. ೧೯೬೪ರಲ್ಲಿ, ಅದಿನ್ನೂ ರಾಷ್ಟ್ರೀಯ ಉದ್ಯಾನವಾಗದಿದ್ದಾಗ, ಡೊನಾಲ್ಡ್ ಕರಿ ಎಂಬ ಸಂಶೋಧನ ವಿದ್ಯಾರ್ಥಿ ಅಧಿಕಾರಿಗಳ ಅನುಮತಿ ಪಡೆದೇ ಒಂದು ಮರವನ್ನು ಕಡಿಸಿ ಉಂಗುರಗಳನ್ನು ಎಣಿಸಿದ. ೪,೮೦೦ಕ್ಕೂ ಹೆಚ್ಚು! ಹರಪ್ಪ ಮೊಹೆಂಜೊದಾರೊಗಳು ಮಹಾನಗರಗಳಾಗುವ ಮುಂಚೆ ಮೊಳೆತ ಮರ, ತನ್ನ ವಯಸ್ಸನ್ನು ತಿಳಿಸುವುದಕ್ಕಾಗಿ ಪ್ರಾಣ ಕೊಟ್ಟಿತು. ಕಾಂಡದ ಒಂದು ಬಿಲ್ಲೆಯನ್ನು ಉದ್ಯಾನದ ಸಂದರ್ಶಕ ಕೇಂದ್ರದಲ್ಲಿ ಇಟ್ಟಿದ್ದಾರೆ. ಅಂಗೈಯಿಂದ ಮುಚ್ಚಿದಷ್ಟು ಜಾಗದಲ್ಲಿ ಎಷ್ಟು ಶತಮಾನಗಳಿದ್ದುವೋ!

ಈ ಮರದ ದೀರ್ಘಾಯುಸ್ಸಿನ ಗುಟ್ಟು ಕೇಳತಕ್ಕದ್ದು. ಫಲವತ್ತಾದ ಕಡೆ ಇದು ಬೇಗ ಬೆಳೆದು ಬೇಗ ಸಾಯುತ್ತದೆ. ಕಲ್ಲು, ಚಳಿ, ಬಿರುಗಾಳಿಗಳ ನಡುವೆ ಅತಿ ನಿಧಾನವಾಗಿ ಬೆಳೆದಾಗ ಮರದ ತಿರುಳು ಗಟ್ಟಿಯಾಗಿ, ಹುಳುವೂ ಬೂಷ್ಟೂ ಅದನ್ನು ಹೊಗಲಾರವು. ಮರಗಳು ಒಂದಕ್ಕೊಂದು ದೂರ ನಿಂತಿರುವುದರಿಂದ ಬೆಂಕಿಯೂ ಹಬ್ಬುವುದಿಲ್ಲ. ಎಂದರೆ ನಾವು ಯಾವುದನ್ನು ಬಡತನವೆನ್ನುತ್ತೇವೆಯೋ ಅದೇ ಅದರ ಬಾಳು.

ಮೂರನೆಯ ದಿನ ಮಧ್ಯಾಹ್ನ ಯೂಟಾದ ಗಡಿ ದಾಟಿದೆವು. ಅಲ್ಲಿಂದ ಡೆಲ್ಟಾದ ಕಡೆಗೆ ಎಂಬತ್ತಕ್ಕೂ ಹೆಚ್ಚು ಮೈಲಿ ಪೆಟ್ರೋಲಿಲ್ಲ, ಅಂಗಡಿಯಿಲ್ಲ, ಮನೆಯಿಲ್ಲ. ಮುಂದಿನ ಬೆಟ್ಟದ ಏರು ಮೊದಲಾಗುವಲ್ಲಿ ಹಿಂದಿನ ಚಕ್ರ ಪಂಕ್ಚರಾಯಿತು. ಸ್ಟೆಪ್ನಿ ಇತ್ತು, ಜಾಕ್ ಇತ್ತು. ನಟ್ಟುಗಳನ್ನು ಸಡಿಲಿಸುವ ಬಲ ನಮ್ಮಿಬ್ಬರ ಕೈಯಲ್ಲಿರಲಿಲ್ಲ. ಫೋನಿನಲ್ಲಿ ಸದ್ದಿಲ್ಲ. ಮುಕ್ಕಾಲು ಗಂಟೆ ಕಾದೆವು. ನಾನು ಧೈರ್ಯ ಹೇಳುವವನಂತೆ ಏನೇನೋ ಮಾತನಾಡಿದೆ. ಅವಳು ಸುಮ್ಮನೆ ನನ್ನ ರಕ್ತದೊತ್ತಡದ ಗುಳಿಗೆಯನ್ನು ತೆಗೆದು ಕೊಟ್ಟಳು.

ಕೊನೆಗೆ ಒಂದು ಹಳೆಯ ಟ್ರಕ್ ಬಂದು, ಕೈತೋರಿಸುವ ಮೊದಲೇ ನಿಂತಿತು. ಇಳಿದವರು ಎಪ್ಪತ್ತು ದಾಟಿದ ದನಗಾಹಿ ರೈತರು. ಹತ್ತು ನಿಮಿಷದಲ್ಲಿ ಚಕ್ರ ಬದಲಾಯಿಸಿದರು. ಹಣ ಎಂದಾಗ ತಲೆಯಾಡಿಸಿದರು. ಫ್ಲಾಸ್ಕಿನಲ್ಲಿದ್ದ ನಮ್ಮ ಫಿಲ್ಟರ್ ಕಾಫಿಯನ್ನು ಮಾತ್ರ ಬೇಡವೆನ್ನಲಿಲ್ಲ. ನೆರೆಮನೆ ಎಷ್ಟು ದೂರ ಎಂದು ನನ್ನ ಪತ್ನಿ ಕೇಳಿದಳು. ಬಯಲಿನ ಆಚೆ ಬದಿಗೆ, ಒಂಬತ್ತು ಮೈಲಿ ಎಂದರು. ಹೆಂಡತಿ ತೀರಿಕೊಂಡು ಮೂರು ವರ್ಷವಾಯಿತಂತೆ. ಸಾಲ್ಟ್ ಲೇಕ್ ನಗರದಲ್ಲಿರುವ ಮಗ ಬಂದುಬಿಡು ಎನ್ನುತ್ತಾನಂತೆ. ಇವರು ಹೋಗಿಲ್ಲ. ಸಂಜೆ ಕತ್ತಲಾದೊಡನೆ ಜಗಲಿಯ ದೀಪ ಹಾಕುತ್ತಾರೆ. ಒಂಬತ್ತು ಮೈಲಿಯಾಚೆಯ ಮನೆಯವರೂ ತಮ್ಮ ದೀಪ ಹಾಕುತ್ತಾರೆ. ಆ ಬಯಲಿನಲ್ಲಿ ಅದು ನಕ್ಷತ್ರದಂತೆ ಕಾಣುತ್ತದೆ. ಒಂದು ದೀಪ ಹತ್ತದಿದ್ದರೆ ಇನ್ನೊಂದು ಮನೆಯವರು ಗಾಡಿ ತೆಗೆದುಕೊಂಡು ಬರುತ್ತಾರೆ. ಒಮ್ಮೆ ಚಳಿಗಾಲದಲ್ಲಿ ಇವರು ಜ್ವರದಿಂದ ಮಲಗಿದ್ದಾಗ ಹಾಗೆ ಬಂದಿದ್ದರಂತೆ.

"ಹಾಕುವುದನ್ನು ಮರೆತರೆ?" ಎಂದಳು ನನ್ನ ಪತ್ನಿ.

"ಆಗಲೂ ಬರುತ್ತಾರೆ. ಕಾಫಿ ಕುಡಿದು ಹೋಗುತ್ತಾರೆ" ಎಂದು ಅವರು ನಕ್ಕರು.

ಹೊರಡುವ ಮುನ್ನ ಅವರು ನೀರಿನ ಮಾತೆತ್ತಿದರು. ೧೯೮೯ರಲ್ಲಿ ಲಾಸ್ ವೇಗಸ್ಸಿನ ಜಲಸಂಸ್ಥೆ ಈ ಬಯಲುಗಳ ಅಂತರ್ಜಲವನ್ನು ನೂರಾರು ಮೈಲಿಯ ಕೊಳವೆಯಲ್ಲಿ ತನ್ನ ನಗರಕ್ಕೆ ಒಯ್ಯಲು ಅರ್ಜಿ ಹಾಕಿತ್ತು. ರೈತರು, ಮೂಲನಿವಾಸಿಗಳು, ಪರಿಸರದವರು ಒಂದಾಗಿ ಮೂವತ್ತು ವರ್ಷ ನ್ಯಾಯಾಲಯಗಳಲ್ಲಿ ಹೋರಾಡಿದರು. ೨೦೨೦ರಲ್ಲಿ ಆ ಯೋಜನೆಯನ್ನು ಕೈಬಿಡಲಾಯಿತು. ಕೆಲವೇ ನೂರು ಮನೆಗಳ ಜನ ಲಕ್ಷಗಟ್ಟಲೆ ಜನರ ನಗರಕ್ಕೆ ಎದುರು ನಿಂತ ಕಥೆ ಇದು. "ಮೇಲೆ ಏನೂ ಕಾಣುವುದಿಲ್ಲವಾದ್ದರಿಂದ ಕೆಳಗಿನದು ಯಾರದೂ ಅಲ್ಲ ಎಂದುಕೊಂಡಿದ್ದರು" ಎಂದರು ಆ ಹಿರಿಯರು.

ಆ ಸಂಜೆ ಡೆಲ್ಟಾ ಸೇರಿದೆವು. ಅದರ ಬಳಿ, ಹದಿನಾರು ಮೈಲಿ ದೂರದ ಧೂಳಿನ ಬಯಲಿನಲ್ಲಿ, ಟೋಪಾಜ್ ಎಂಬ ಹೆಸರಿನ ಸ್ಥಳವೊಂದಿದೆ. ೧೯೪೨ರಲ್ಲಿ, ಜಪಾನಿನೊಡನೆ ಯುದ್ಧ ಮೊದಲಾದ ಮೇಲೆ, ಪೆಸಿಫಿಕ್ ತೀರದಲ್ಲಿದ್ದ ಜಪಾನೀ ಮೂಲದ ಸುಮಾರು ೧,೨೦,೦೦೦ ಜನರನ್ನು ಅಮೆರಿಕದ ಸರಕಾರ ಮನೆಮಠ ಬಿಡಿಸಿ ಇಂಥ ನಿರ್ಜನ ಸ್ಥಳಗಳ ಶಿಬಿರಗಳಿಗೆ ಅಟ್ಟಿತು. ಅವರಲ್ಲಿ ಹೆಚ್ಚಿನವರು ಅಲ್ಲಿಯೇ ಹುಟ್ಟಿದ ಪ್ರಜೆಗಳು. ಟೋಪಾಜ್ ಶಿಬಿರದಲ್ಲಿ ಒಂದು ಹಂತದಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಜನರಿದ್ದರು. ೧೯೪೩ರ ಏಪ್ರಿಲ್‌ನಲ್ಲಿ ೬೩ ವರ್ಷದ ಜೇಮ್ಸ್ ವಕಾಸಾ ಎಂಬಾತ ಮುಳ್ಳುತಂತಿಯ ಬೇಲಿಯ ಬಳಿ ನಡೆದಾಡುತ್ತಿದ್ದಾಗ ಕಾವಲುಗಾರ ಗುಂಡಿಟ್ಟು ಕೊಂದ. ಅಂಥ ಸ್ಥಳದಲ್ಲಿಯೂ ಬರ್ಕ್ಲಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕ, ಚಿತ್ರಕಾ‌ರ ಚಿಯುರಾ ಒಬಾಟಾ ಚಿತ್ರಶಾಲೆ ನಡೆಸಿದರು. ಕೈದಿಗಳೇ 'ಟ್ರೆಕ್' ಎಂಬ ಸಾಹಿತ್ಯಪತ್ರಿಕೆ ಹೊರಡಿಸಿದರು. ಮಿನೆ ಒಕುಬೊ ಎಂಬ ಕಲಾವಿದೆ ಶಿಬಿರದ ದಿನಚರಿಯನ್ನು ರೇಖಾಚಿತ್ರಗಳಲ್ಲಿ ಹಿಡಿದಿಟ್ಟು, ೧೯೪೬ರಲ್ಲಿ ಪುಸ್ತಕವಾಗಿ ತಂದರು; ಅದರ ಹೆಸರಿನಲ್ಲಿರುವುದು ಸರಕಾರ ಅವರಿಗೆ ಕೊಟ್ಟ ಸಂಖ್ಯೆ, ೧೩೬೬೦. ೧೯೮೮ರಲ್ಲಿ ಸರಕಾರ ಕ್ಷಮೆ ಕೇಳಿ, ಆಗ ಬದುಕಿದ್ದವರಿಗೆ ತಲಾ ೨೦,೦೦೦ ಡಾಲರು ಕೊಟ್ಟಿತು.

ಮರುದಿನ ಬೆಳಿಗ್ಗೆ ಆ ಸ್ಥಳಕ್ಕೆ ಹೋಗಿ ನೋಡಿದೆವು. ಕಟ್ಟಡಗಳಿಲ್ಲ. ಕಾಂಕ್ರೀಟಿನ ತುಣುಕುಗಳು, ತುಕ್ಕು ಹಿಡಿದ ಮೊಳೆಗಳು, ಯಾರೋ ಮನೆಯ ಮುಂದೆ ಕಲ್ಲು ಜೋಡಿಸಿ ಮಾಡಿಕೊಂಡಿದ್ದ ಕಾಲುದಾರಿ. ನನ್ನ ಪತ್ನಿ ಆ ಕಲ್ಲುಗಳನ್ನು ತುಳಿಯದೆ ಪಕ್ಕದಲ್ಲಿ ನಡೆದಳು.

ಒಟ್ಟಿನಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟು. ಜನ ವಿರಳವಾಗಿರುವುದು ಬೇರೆ, ಬರಿದಾಗಿರುವುದು ಬೇರೆ. ಮೊದಲನೆಯದು ಮಳೆಯೂ ಮಣ್ಣೂ ಮಾಡಿದ ಏರ್ಪಾಡು. ಬ್ರಿಸಲ್‌ಕೋನ್ ಮರವೂ ಶೋಶೋನಿಯರೂ ಆ ದನಗಾಹಿ ಹಿರಿಯರೂ ಅದಕ್ಕೆ ಹೊಂದಿಕೊಂಡು ಬಾಳಿದವರು. ಎರಡನೆಯದು ಮನುಷ್ಯರು, ಬಹುಮಟ್ಟಿಗೆ ದೂರದ ಊರುಗಳಲ್ಲಿ ಕುಳಿತವರು, ಬರೆದ ಮಾತು. ಆ ಮಾತನ್ನು ಬರೆದೊಡನೆ ನೆಲದ ಒಡೆಯರು ಇಲ್ಲವಾಗುತ್ತಾರೆ, ಬಾಂಬು ಸಿಡಿಯುತ್ತದೆ, ನೀರಿಗೆ ಕೊಳವೆ ಹೂಡುತ್ತಾರೆ, ಬೇಡದ ಜನರನ್ನು ತಂದು ಬೇಲಿಯೊಳಗೆ ಹಾಕುತ್ತಾರೆ. ಆದುದರಿಂದ ಯಾವ ನೆಲವನ್ನಾಗಲಿ 'ಅಲ್ಲೇನೂ ಇಲ್ಲ' ಎನ್ನುವ ಮುನ್ನ ಒಮ್ಮೆ ಇಳಿದು ನಡೆದು ನೋಡುವುದು ಒಳ್ಳೆಯದು.

ಮೈಸೂರಿಗೆ ಮರಳಿದ ಮೇಲೆ ನೆಂಟರೊಬ್ಬರು ನಮ್ಮ ಪ್ರಯಾಣದ ಚಿತ್ರಗಳನ್ನೆಲ್ಲ ತಾಳ್ಮೆಯಿಂದ ನೋಡಿ, "ಏನೂ ಇಲ್ಲವಲ್ಲ ಸಾರ್!" ಎಂದರು. ಅವರ ಮೇಲೆ ನನಗೆ ಕೋಪ ಬರಲಿಲ್ಲ.

ಮಗಳಿಗೆ ಹೇಳಬೇಕಾಗಿದ್ದ ಉತ್ತರವನ್ನು ನಾವು ಅಲ್ಲಿಯೇ ಹೇಳಿ ಬಂದಿದ್ದೆವು: ಈಗಲೇ ಬೇಡ, ವರ್ಷಕ್ಕೊಮ್ಮೆ ಬರುತ್ತೇವೆ ಎಂದು. ಅವಳು ಪೂರ್ತಿ ಒಪ್ಪಿದ್ದಾಳೆಂದು ಹೇಳಲಾರೆ. ನಮ್ಮ ಬೀದಿಯಲ್ಲಿ ಹನ್ನೊಂದು ಮನೆಗಳಿವೆ. ಆರರಲ್ಲಿ ಇರುವವರು ಮಕ್ಕಳು ಹೊರದೇಶದಲ್ಲಿರುವ ಮುದುಕ ಮುದುಕಿಯರು. ಗೋಡೆಗೆ ಗೋಡೆ ತಾಗಿದ್ದರೂ ಯಾರ ಮನೆಯಲ್ಲಿ ದೀಪ ಹತ್ತಲಿಲ್ಲವೆಂದು ನಾವು ನೋಡುತ್ತಿರಲಿಲ್ಲ. ಒಂದು ದಿನ ನನ್ನ ಪತ್ನಿ ಎದುರುಮನೆಗೆ ಹೋಗಿ, ಅಲ್ಲಿ ಒಬ್ಬರೇ ಇರುವ ಹಿರಿಯರೊಡನೆ ಮಾತಾಡಿ ಬಂದಳು. ಈಗ ಸಂಜೆ ಏಳು ಗಂಟೆಗೆ ಅವರು ತಮ್ಮ ಜಗಲಿಯ ದೀಪ ಹಾಕುತ್ತಾರೆ, ನಾವು ನಮ್ಮದನ್ನು ಹಾಕುತ್ತೇವೆ. ಹೋದ ತಿಂಗಳು ಎರಡು ದಿನ ಅವರು ಮರೆತರು. ನಾವು ಹೋಗಿ ಕಾಫಿ ಕುಡಿದು ಬಂದೆವು.

(ಬಾನುಲಿ ಭಾಷಣ)